ಫಂಕ್ಷನ್ನಿಗೆ ಚೀಟಿ ಅಂಟಿಸಿದ ಮೇಷ್ಟ್ರು

ಬಂದಿರೋ ಕಾಲ್‌ಬ್ಯಾಕ್ ಎಂಥದ್ದು ಅಂತ ಜಾವಾಸ್ಕ್ರಿಪ್ಟಿನಲ್ಲಿ ಟೈಪ್‌ಆಫ್ ಹಾಕಿ ನೋಡ್ತೀವಿ. ಫಂಕ್ಷನ್ ಅನ್ನುತ್ತೆ, ಅಷ್ಟೇ. ಏನು ತಗೊಳ್ಳುತ್ತೆ, ಏನು ಕೊಡುತ್ತೆ? ಹೇಳಲ್ಲ. ಪ್ರೋಗ್ರಾಮಿಂಗ್ ಭಾಷೆಗಳೇ ಬಳಕೆಗೆ ಬಾರದ ಕಾಲದಲ್ಲಿ ಇದಕ್ಕೆ ದಾರಿ ತೋರಿಸಿದವರು ಅಲೊಂಜೊ ಚರ್ಚ್.

1903ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿ, ಪ್ರಿನ್ಸ್‌ಟನ್ನಿನಲ್ಲಿ ಓದಿ, ಅಲ್ಲೇ ಮೇಷ್ಟ್ರಾದರು. (ಟ್ಯೂರಿಂಗ್ ಕೂಡ ಇವರ ಶಿಷ್ಯರೇ!) ಅವರ ಲ್ಯಾಂಬ್ಡಾ ಕ್ಯಾಲ್ಕುಲಸ್‌ನಲ್ಲಿ ಎಲ್ಲವೂ ಫಂಕ್ಷನ್ನೇ, ಯಾವುದನ್ನು ಯಾವುದಕ್ಕೆ ಬೇಕಾದರೂ ಕೊಡಬಹುದು, ತನ್ನನ್ನೇ ತನಗೂ. ಆದರೆ ಅದನ್ನು ಸೇರಿಸಿ ಕಟ್ಟಿದ್ದ ತರ್ಕವ್ಯವಸ್ಥೆ ತನ್ನನ್ನು ತಾನೇ ಅಲ್ಲಗಳೆಯುತ್ತೆ ಅಂತ 1935ರಲ್ಲಿ ತೋರಿಸಿದವರು ಅವರದೇ ಶಿಷ್ಯರು, ಕ್ಲೀನಿ ಮತ್ತು ರಾಸರ್. ಎಂಥಾ ಏಟು ನೋಡಿ! ಚರ್ಚ್ ಕೈಬಿಡಲಿಲ್ಲ. 1940ರಲ್ಲಿ ಪ್ರತಿ ಫಂಕ್ಷನ್ನಿಗೂ ಟೈಪ್ ಅನ್ನೋ ಚೀಟಿ ಅಂಟಿಸಿದರು: ಇಂಥದ್ದನ್ನು ತಗೊಂಡು ಇಂಥದ್ದನ್ನು ಕೊಡುತ್ತೆ. ಹೊಂದದಿದ್ದರೆ ಕೊಡೋ ಹಾಗೇ ಇಲ್ಲ. ತಪ್ಪು ಕಾಲ್‌ಬ್ಯಾಕ್ ಕೊಟ್ಟರೆ, ಓಡಿಸೋ ಮುಂಚೆಯೇ ಟೈಪ್‌ಸ್ಕ್ರಿಪ್ಟ್ ನಮ್ಮನ್ನು ತಡೆಯೋದು ಇದೇ ಲೆಕ್ಕದಲ್ಲಿ.

1990ರವರೆಗೂ ಪಾಠ ಮಾಡಿದ ಚರ್ಚ್ 1995ರಲ್ಲಿ ತೀರಿಕೊಂಡರು.