ಕಾರಿನ ಫೋರ್ಡ್ ಅಲ್ಲ, ಹೊಲದ ಫೋರ್ಡ್

ಫೋರ್ಡ್ ಎಂದ ಕೂಡಲೇ ನಮಗೆಲ್ಲ ಕಾರು ನೆನಪಾಗುತ್ತದೆ. ಆಮೇಲೆ ಆ ಕಂಪನಿ ಕಟ್ಟಿದ ಹೆನ್ರಿ ಫೋರ್ಡ್ ನೆನಪಾಗುತ್ತಾರೆ. ಆದರೆ ನಾನು ಈ ಸಲ ಬರೆಯುತ್ತಿರುವುದು ಹೆನ್ರಿಯವರ ತಂದೆ ವಿಲಿಯಂ ಫೋರ್ಡ್ ಅವರ ಬಗ್ಗೆ. ಅವರು ಯಾವ ಕಾರನ್ನೂ ಮಾಡಲಿಲ್ಲ. ಹೊಟ್ಟೆಪಾಡಿಗಾಗಿ ಐರ್ಲೆಂಡ್ ಬಿಟ್ಟು ಅಮೆರಿಕಕ್ಕೆ ಹೋಗಿ, ಬೇರೆಯವರ ಹೊಲದಲ್ಲಿ ದುಡಿದು, ಕೊನೆಗೆ ಸ್ವಂತ ಹೊಲ ಮಾಡಿಕೊಂಡ ರೈತ ಅವರು.

ವಿಲಿಯಂ 1826ರ ಡಿಸೆಂಬರ್‌ನಲ್ಲಿ ಹುಟ್ಟಿದರು. ಊರು ಐರ್ಲೆಂಡಿನ ಕಾರ್ಕ್ ಜಿಲ್ಲೆಯ ಬ್ಯಾಲಿನಾಸ್ಕಾರ್ಥಿ. ತಂದೆ ಜಾನ್ ಗೇಣಿ ರೈತರು. ಅಂದರೆ ಬೆವರು ಇವರದು, ಭೂಮಿ ಜಮೀನ್ದಾರರದು. ಆಗ ಐರ್ಲೆಂಡಿನ ಬಡವರ ಊಟವೆಂದರೆ ಆಲೂಗಡ್ಡೆಯೇ. 1845ರಲ್ಲಿ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ಬಂತು. ಗಡ್ಡೆಗಳು ನೆಲದೊಳಗೇ ಕೊಳೆತವು. ಮುಂದಿನ ವರ್ಷ ಪರಿಸ್ಥಿತಿ ಇನ್ನೂ ಕೆಟ್ಟಿತು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು ಮತ್ತು ಜ್ವರದಿಂದ ಸತ್ತರು. 10 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಅದೇ ವರ್ಷಗಳಲ್ಲಿ ಐರ್ಲೆಂಡಿನಿಂದ ಧಾನ್ಯ ಹಡಗು ಹತ್ತಿ ಹೊರಗೆ ಮಾರಾಟಕ್ಕೆ ಹೋಗುತ್ತಿತ್ತು ಎಂದು ಓದಿದಾಗ ನನಗೆ ನಂಬಲಾಗಲಿಲ್ಲ.

1847ರಲ್ಲಿ ಫೋರ್ಡ್ ಕುಟುಂಬವೂ ಹೊರಟಿತು. ವಿಲಿಯಂ ಅವರಿಗೆ ಆಗ 20 ವರ್ಷ. ಸಮುದ್ರ ಪ್ರಯಾಣದ ಹಾದಿಯಲ್ಲೇ ತಾಯಿ ಥಾಮಸೀನಾ ತೀರಿಕೊಂಡರು. ತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಕರೆದುಕೊಂಡು ಜಾನ್ ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಎಂಬ ಊರು ಸೇರಿದರು.

ಅಷ್ಟು ದೊಡ್ಡ ದೇಶದಲ್ಲಿ ಆ ಊರೇ ಏಕೆ? ಉತ್ತರ ಸುಲಭ. ಅಲ್ಲಿ ರಕ್ತಸಂಬಂಧಿಗಳಿದ್ದರು. ಜಾನ್ ಅವರ ಸಹೋದರರಾದ ಸ್ಯಾಮ್ಯುಯೆಲ್ ಮತ್ತು ಜಾರ್ಜ್ 1832ರಲ್ಲೇ ಅಲ್ಲಿಗೆ ಹೋಗಿ ನೆಲೆಸಿದ್ದರು. ಆ ಕಾಲದಲ್ಲಿ ಅಮೆರಿಕ ಸರ್ಕಾರ ಕಾಡು ಭೂಮಿಯನ್ನು ಎಕರೆಗೆ ಒಂದೂಕಾಲು ಡಾಲರ್‌ನಂತೆ ಮಾರುತ್ತಿತ್ತು. ಅಣ್ಣತಮ್ಮಂದಿರು ಮರ ಕಡಿದು, ಬೇರು ಕಿತ್ತು ಹೊಲ ಮಾಡಿದ್ದರು. 15 ವರ್ಷಗಳ ನಂತರ ಬರಿಗೈಯಲ್ಲಿ ಬಂದವರಿಗೆ ಆ ಮನೆಗಳೇ ಆಸರೆಯಾದವು.

ಮರುವರ್ಷ ಜಾನ್ ಹತ್ತಿರದಲ್ಲೇ 80 ಎಕರೆ ಜಮೀನು ಕೊಂಡರು. ಆದರೆ ಸಾಲ ತೀರಬೇಕಲ್ಲ? ವಿಲಿಯಂ ಅವರಿಗೆ ಬಡಗಿ ಕೆಲಸ ಗೊತ್ತಿತ್ತು. ಮಿಷಿಗನ್ ಸೆಂಟ್ರಲ್ ರೈಲ್ವೆಯಲ್ಲಿ ಬಡಗಿಯಾಗಿ ದುಡಿದರು. ಅಪ್ಪನ ಹೊಲದಲ್ಲೂ, ಬೇರೆಯವರ ಹೊಲದಲ್ಲೂ ಕೆಲಸ ಮಾಡಿದರು. ಬಂದು 11 ವರ್ಷವಾದ ಮೇಲೆ, 1858ರಲ್ಲಿ, ಅಪ್ಪನ ಜಮೀನಿನ ಒಂದು ಭಾಗವನ್ನು ಹಣ ಕೊಟ್ಟು ತಮ್ಮ ಹೆಸರಿಗೆ ಮಾಡಿಕೊಂಡರು. ತಂದೆಯಿಂದಲೂ ಪುಕ್ಕಟೆಯಾಗಿ ಪಡೆಯಲಿಲ್ಲ.

ಅವರು ಕೂಲಿಗೆ ಹೋಗುತ್ತಿದ್ದ ಒಂದು ಹೊಲ ಪ್ಯಾಟ್ರಿಕ್ ಅಹರ್ನ್ ಎಂಬುವರದು. ಅವರೂ ಕಾರ್ಕ್‌ನವರೇ, ಪಟ್ಟಣದ ಫೇರ್ ಲೇನ್ ಎಂಬ ಬೀದಿಯವರು. ಪ್ಯಾಟ್ರಿಕ್ ಮತ್ತು ಮಾರ್ಗರೆಟ್ ದಂಪತಿಗೆ ಮಕ್ಕಳಿರಲಿಲ್ಲ. ತಂದೆಯನ್ನು ಕಳೆದುಕೊಂಡಿದ್ದ ಮೇರಿ ಲಿಟೊಗಾಟ್ ಎಂಬ ಹುಡುಗಿಯನ್ನು ಸಾಕಿ ಬೆಳೆಸಿದ್ದರು. 1861ರ ಏಪ್ರಿಲ್‌ನಲ್ಲಿ ವಿಲಿಯಂ ಮತ್ತು ಮೇರಿ ಮದುವೆಯಾದರು. ಅಹರ್ನ್ ತಮ್ಮ ಹೊಲವನ್ನು ಇವರಿಗೆ ಬಿಟ್ಟುಕೊಟ್ಟರು. ಷರತ್ತು ಒಂದೇ: ಆ ವೃದ್ಧ ದಂಪತಿ ಕೊನೆಯವರೆಗೂ ಅದೇ ಮನೆಯಲ್ಲಿ ಇರಬೇಕು. ವಿಲಿಯಂ ಆ ಮಾತು ಉಳಿಸಿಕೊಂಡರು.

ಆ ಮನೆಯಲ್ಲಿ 1863ರ ಜುಲೈ 30ರಂದು ಹೆನ್ರಿ ಹುಟ್ಟಿದರು. ಹೆನ್ರಿಯವರ ಬದುಕಿನ ಮೊದಲ ನೆನಪು ಅಪ್ಪನದೇ. ಉರುಳಿದ ಓಕ್ ಮರದ ಕೆಳಗೆ ಒಂದು ಹಕ್ಕಿಯ ಗೂಡಿತ್ತು. ಅದರಲ್ಲಿ ನಾಲ್ಕು ಮೊಟ್ಟೆಗಳಿದ್ದವು. ವಿಲಿಯಂ ಇಬ್ಬರು ಪುಟ್ಟ ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನು ತೋರಿಸಿದ್ದರು. ಹಸಿದ ದೇಶದಿಂದ ಬಂದ ವಿಲಿಯಂ ಈಗ ಊರಿನ ಗೌರವಸ್ಥರಾಗಿದ್ದರು. ಶಾಲಾ ಸಮಿತಿಯಲ್ಲಿದ್ದರು. ಸಣ್ಣಪುಟ್ಟ ವ್ಯಾಜ್ಯಗಳನ್ನು ತೀರ್ಮಾನಿಸುವ ಅಧಿಕಾರವೂ ಅವರಿಗಿತ್ತು.

1876ರಲ್ಲಿ ಮನೆಗೆ ದೊಡ್ಡ ಪೆಟ್ಟು ಬಿತ್ತು. ಹೆರಿಗೆಯ ಕೆಲ ದಿನಗಳ ನಂತರ ಮೇರಿ ತೀರಿಕೊಂಡರು. ಹೆನ್ರಿಗೆ ಆಗ 12 ವರ್ಷ. ಅದೇ ವರ್ಷ ಅಪ್ಪನ ಜೊತೆ ಗಾಡಿಯಲ್ಲಿ ಡೆಟ್ರಾಯಿಟ್‌ಗೆ ಹೋಗುವಾಗ, ಕುದುರೆಯಿಲ್ಲದೆ ತಾನೇ ಓಡುವ ಉಗಿಯಂತ್ರವನ್ನು ಹುಡುಗ ನೋಡಿದ. ಅಂದಿನಿಂದ ಅವನ ಮನಸ್ಸು ಹೊಲದಲ್ಲಿ ನಿಲ್ಲಲಿಲ್ಲ.

ಇಲ್ಲಿಂದ ತಂದೆ ಮಗನ ಕಥೆ ಬೇರೆ ದಾರಿ ಹಿಡಿಯುತ್ತದೆ. ಮಗ ರೈತನಾಗಬೇಕು ಎಂಬುದು ವಿಲಿಯಂ ಅವರ ಆಸೆ. ಅದರಲ್ಲಿ ತಪ್ಪೇನಿದೆ? ಗೇಣಿ ರೈತನ ಮಗನಿಗೆ ಸ್ವಂತ ಭೂಮಿಗಿಂತ ದೊಡ್ಡ ಆಸ್ತಿ ಇಲ್ಲ. 1879ರಲ್ಲಿ 16 ವರ್ಷದ ಹೆನ್ರಿ ಡೆಟ್ರಾಯಿಟ್‌ನ ಕಾರ್ಖಾನೆಗೆ ಕೆಲಸಕ್ಕೆ ಹೋದರು. ಅಪ್ಪನ ಇಷ್ಟಕ್ಕೆ ವಿರುದ್ಧವಾಗಿ ಹೋದೆ ಎಂಬಂತೆ ಅವರು ಮುಂದೆ ಹೇಳಿಕೊಳ್ಳುತ್ತಿದ್ದರು. ತಂಗಿ ಮಾರ್ಗರೆಟ್ ಮಾತ್ರ ಇದನ್ನು ಒಪ್ಪಲಿಲ್ಲ. ತಂದೆಗೆ ಯಂತ್ರಗಳ ಮೇಲೆ ದ್ವೇಷವಿರಲಿಲ್ಲ ಎಂಬುದು ಅವರ ವಾದ. 1876ರಲ್ಲಿ ಫಿಲಡೆಲ್ಫಿಯಾದ ದೊಡ್ಡ ಪ್ರದರ್ಶನಕ್ಕೆ ಹೋಗಿ, ಅಲ್ಲಿ ಕಂಡ ಯಂತ್ರಗಳ ಬಗ್ಗೆ ಮನೆಯಲ್ಲಿ ಹೇಳಿದವರು ವಿಲಿಯಂ ಅವರೇ. ಡೆಟ್ರಾಯಿಟ್‌ನಲ್ಲಿ ಹೆನ್ರಿಗೆ ಆಸರೆ ಕೊಟ್ಟದ್ದು ಸೋದರತ್ತೆ ರೆಬೆಕ್ಕಾ, ಅಂದರೆ ವಿಲಿಯಂ ಅವರ ತಂಗಿ. ಕೆಲಸ ಕೊಟ್ಟ ಫ್ಲವರ್ ಸಹೋದರರೂ ವಿಲಿಯಂ ಅವರ ಪರಿಚಯದವರೇ.

ಮುಂದೆ ವಿಲಿಯಂ ಮಗನಿಗೆ ಮರಗಳು ತುಂಬಿದ ಒಂದು ಜಮೀನನ್ನೂ ಕೊಟ್ಟರು. ಹೆನ್ರಿ ಮರ ಕೊಯ್ದು ಮಾರಿದರು, ಮದುವೆಯಾಗಿ ಅಲ್ಲೇ ಮನೆ ಕಟ್ಟಿದರು, ಆದರೆ 1891ರಲ್ಲಿ ಮತ್ತೆ ಡೆಟ್ರಾಯಿಟ್‌ಗೆ ಹೊರಟರು. 1896ರಲ್ಲಿ ತಾವೇ ಮಾಡಿದ ಮೊದಲ ಗಾಡಿಯನ್ನು ಓಡಿಸಿಕೊಂಡು ಅಪ್ಪನ ಹೊಲಕ್ಕೆ ಬಂದರು. ವಿಲಿಯಂ ಅದನ್ನು ನೋಡಿದರು, ಆದರೆ ಅಂದು ಹತ್ತಲಿಲ್ಲ ಎಂದು ಹೆನ್ರಿಯ ತಂಗಿ ಮಾರ್ಗರೆಟ್ ನೆನಪಿಸಿಕೊಂಡಿದ್ದಾರೆ. 1905ರಲ್ಲಿ ವಿಲಿಯಂ ತೀರಿಕೊಂಡರು. ಲೋಕವನ್ನೇ ಬದಲಿಸಿದ ಮಾಡೆಲ್ ಟಿ ಕಾರು ಬಂದದ್ದು 1908ರಲ್ಲಿ. ಅದನ್ನು ಅವರು ನೋಡಲೇ ಇಲ್ಲ.

ಹೆನ್ರಿ 1919ರಲ್ಲಿ ತಾವು ಹುಟ್ಟಿದ ಮನೆಯನ್ನು ತಾಯಿಯ ನೆನಪಿಗಾಗಿ ಮೊದಲಿನಂತೆ ಸರಿಪಡಿಸಿದರು. ತಮ್ಮ ದೊಡ್ಡ ಬಂಗಲೆಗೆ ಫೇರ್ ಲೇನ್ ಎಂದು ಹೆಸರಿಟ್ಟರು, ಅಜ್ಜ ಅಹರ್ನ್ ಅವರ ಬೀದಿಯ ಹೆಸರು. ಅಪ್ಪನ ಹೆಸರಿನಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಆದರೆ 1917ರಲ್ಲಿ ಹೆನ್ರಿ ಕಾರ್ಕ್ ನಗರದಲ್ಲಿ ಒಂದು ಕಾರ್ಖಾನೆ ಆರಂಭಿಸಿದರು. 1919ರಲ್ಲಿ ಅಲ್ಲಿಂದ ಹೊರಬಂದದ್ದು ಕಾರಲ್ಲ, ಹೊಲ ಉಳುವ ಟ್ರ್ಯಾಕ್ಟರ್. ಅಪ್ಪ ಹಸಿವಿಗೆ ಹೆದರಿ ಬಿಟ್ಟು ಬಂದ ಜಿಲ್ಲೆಯಲ್ಲಿ ಮಗ 1984ರವರೆಗೂ ನಡೆದ ಕಾರ್ಖಾನೆ ಕಟ್ಟಿದ. ಹೆನ್ರಿ ಯಾವ ಕಾರಣಕ್ಕೆ ಕಟ್ಟಿದರೋ, ನನಗಂತೂ ಅದು ತೀರಿಸಿದ ಸಾಲದಂತೆ ಕಾಣುತ್ತದೆ.

ಗೆಳೆಯರೇ, ಅಕೌಂಟೆನ್ಸಿಯಲ್ಲಿ ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಲೇಬೇಕು ಎಂದು ಕಲಿಯುತ್ತೇವೆ. ಹೆನ್ರಿಯ ಕಥೆಯನ್ನು ಹೇಳುವವರು ಹೆಚ್ಚಾಗಿ ಮಗನ ಹಟವನ್ನಷ್ಟೇ ಬರೆಯುತ್ತಾರೆ. ಅಪ್ಪನ ಹೊಲ, ಅತ್ತೆಯ ಮನೆ, ಅಹರ್ನ್ ಅಜ್ಜನ ಜಮೀನು ಲೆಕ್ಕದಲ್ಲಿ ಬಿಟ್ಟುಹೋಗುತ್ತವೆ. ನನ್ನ ಅಬ್ಬಾಗೆ ನಾನು ಅಂಗಡಿಯಲ್ಲಿ ಕೂರಬೇಕೆಂಬ ಆಸೆ. ನನಗೆ ಸಿ.ಎ. ಓದುವ ಆಸೆ. ಈ ಮಾತಿಗೆ ನಮ್ಮ ಮನೆಯಲ್ಲಿ ಆಗಾಗ ಜಗಳವೂ ಆಗುತ್ತದೆ. ವಿಲಿಯಂ ಅವರ ಬಗ್ಗೆ ಓದಿದ ಮೇಲೆ ನನ್ನ ಆಸೆ ಬದಲಾಗಿಲ್ಲ. ಆದರೆ ನನ್ನ ಕಾಲೇಜಿನ ಫೀಸು ಕಟ್ಟಿದ್ದು ಅದೇ ಅಂಗಡಿಯ ದುಡ್ಡು ಎಂಬುದನ್ನು ಮುಂದೆ ಯಾರಿಗೆ ನನ್ನ ಕಥೆ ಹೇಳಿದರೂ ಬಿಡದೆ ಹೇಳುತ್ತೇನೆ.