ಇತಿಹಾಸಕಾರ ಆನ್ರಿ ಪಿರೆನ್

ಬೆಲ್ಜಿಯಂನ ವೆರ್ವಿಯೇ ಪಟ್ಟಣದಲ್ಲಿ 1862ರಲ್ಲಿ ಜನಿಸಿದ ಆನ್ರಿ ಪಿರೆನ್ನರು 1886ರಿಂದ 1930ರವರೆಗೆ ಘೆಂಟ್ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಅಧ್ಯಾಪಕರಾಗಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಮಗನೊಬ್ಬನನ್ನು ಕಳೆದುಕೊಂಡರು. ಜರ್ಮನರ ಆಡಳಿತದಲ್ಲಿ ಪಾಠ ಹೇಳಲೊಪ್ಪದೆ 1916ರಲ್ಲಿ ಸೆರೆಯಾಗಿ ಜರ್ಮನಿಗೆ ಒಯ್ಯಲ್ಪಟ್ಟರು. ಅಲ್ಲಿಯೂ ವ್ಯಾಸಂಗ ನಿಲ್ಲಲಿಲ್ಲ. ಸಹಬಂದಿಗಳಿಗೆ ಪಾಠ ಹೇಳಿದರು. ರಷ್ಯನ್ ಭಾಷೆ ಕಲಿತರು. ಗ್ರಂಥಗಳ ನೆರವಿಲ್ಲದೆ ನೆನಪಿನಿಂದಲೇ ಯುರೋಪಿನ ಇತಿಹಾಸವನ್ನು ಬರೆಯತೊಡಗಿದರು.

5ನೆಯ ಶತಮಾನದ ಜರ್ಮನ್ ಬುಡಕಟ್ಟುಗಳ ದಾಳಿಯಿಂದಲೇ ರೋಮನ್ ನಾಗರಿಕತೆ ಅಳಿಯಿತೆಂಬ ಮತವನ್ನು ಅವರು ಒಪ್ಪಲಿಲ್ಲ. 7ನೆಯ ಶತಮಾನದಲ್ಲಿ ಇಸ್ಲಾಂ ಹಬ್ಬಿದಾಗ ಮೆಡಿಟರೇನಿಯನ್ ಸಮುದ್ರದ ವ್ಯಾಪಾರ ಕಡಿದು ಕ್ರೈಸ್ತ ಪಶ್ಚಿಮವು ಉತ್ತರಕ್ಕೆ ಸರಿಯಿತು. 800ರಲ್ಲಿ ಷಾರ್ಲ್‌ಮೇನ್ ಚಕ್ರವರ್ತಿಯಾದುದು ಅದರ ಫಲವೆಂಬುದು ಅವರ ವಾದ. ‘ಮಹಮ್ಮದ್ ಮತ್ತು ಷಾರ್ಲ್‌ಮೇನ್’ ಗ್ರಂಥವು ಅವರು 1935ರಲ್ಲಿ ತೀರಿಕೊಂಡ ಮೇಲೆ 1937ರಲ್ಲಿ ಅಚ್ಚಾಯಿತು. ಮುಂದಿನ ಪಂಡಿತರು ಆ ವಾದವನ್ನು ಬಹುಮಟ್ಟಿಗೆ ತಿದ್ದಿದ್ದಾರೆ. ಅವರೆತ್ತಿದ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ.