ವಿದುಷಿ ಲೀಸ್ ಮೈಟ್ನರ್

ಇಬ್ಬರು ಕೂಡಿ ಬಿತ್ತಿದ ಬೆಳೆಯನ್ನು ಒಬ್ಬರೇ ಮನೆಗೆ ಸಾಗಿಸುವುದು ಲೋಕದಲ್ಲಿ ಹೊಸದಲ್ಲ. ವಿಜ್ಞಾನದ ಹೊಲದಲ್ಲಿಯೂ ಹೀಗಾದದ್ದುಂಟು. ಲೀಸ್ ಮೈಟ್ನರ್ ಅವರ ಜೀವನವೇ ಇದಕ್ಕೆ ನಿದರ್ಶನ.

ಆಕೆ 1878ರಲ್ಲಿ ವಿಯೆನ್ನಾ ನಗರದ ಯೆಹೂದಿ ವಕೀಲರೊಬ್ಬರ ಮನೆಯಲ್ಲಿ ಜನಿಸಿದರು. ಆಗ ಅಲ್ಲಿ ಹೆಣ್ಣುಮಕ್ಕಳ ಶಾಲೆ ಹದಿನಾಲ್ಕನೆಯ ವಯಸ್ಸಿಗೇ ಮುಗಿದುಹೋಗುತ್ತಿತ್ತು. ಮೈಟ್ನರ್ ಅವರು ತಪ್ಪಿಹೋದ ಪಾಠಗಳನ್ನೆಲ್ಲ ಮನೆಯಲ್ಲಿಯೇ ಕಲಿತು, 1901ರಲ್ಲಿ ವಿಶ್ವವಿದ್ಯಾನಿಲಯವನ್ನು ಸೇರಿ, 1906ರಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪದವಿ ಪಡೆದರು.

1907ರಲ್ಲಿ ಬರ್ಲಿನ್ನಿಗೆ ಹೋಗಿ ರಸಾಯನ ವಿಜ್ಞಾನಿ ಆಟೋ ಹಾನ್ ಅವರೊಡನೆ ಸಂಶೋಧನೆಗೆ ತೊಡಗಿದರು. ಆ ರಸಾಯನ ಮಂದಿರದಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ನೆಲಮಾಳಿಗೆಯಲ್ಲಿದ್ದ ಬಡಗಿಯ ಕೊಠಡಿಯೇ ಆಕೆಯ ಪ್ರಯೋಗಶಾಲೆಯಾಯಿತು. ಹಲವು ವರ್ಷ ಸಂಬಳವೂ ಇರಲಿಲ್ಲ. ಹೀಗಿದ್ದರೂ 1926ರಲ್ಲಿ ಆಕೆ ಪ್ರೊಫೆಸರ್ ಪದವಿಗೇರಿದರು. ಆದರೆ ಹಿಟ್ಲರನ ಆಳ್ವಿಕೆಯಲ್ಲಿ ಯೆಹೂದ್ಯರಿಗೆ ನೆಲೆಯೆಲ್ಲಿ? 1938ರ ಜುಲೈ ತಿಂಗಳಲ್ಲಿ, ಅರುವತ್ತರ ಹೊಸ್ತಿಲಲ್ಲಿ, ಆಕೆ ಗುಟ್ಟಾಗಿ ಗಡಿ ದಾಟಿ ಸ್ವೀಡನ್ನಿಗೆ ವಲಸೆ ಹೋಗಬೇಕಾಯಿತು.

ಆ ಡಿಸೆಂಬರಿನಲ್ಲಿ ಹಾನ್ ಅವರಿಂದ ಕಾಗದ ಬಂತು. ಯುರೇನಿಯಮ್ಮಿಗೆ ನ್ಯೂಟ್ರಾನುಗಳನ್ನು ತಾಗಿಸಿದಾಗ ಬೇರಿಯಮ್ ದೊರೆಯುತ್ತಿದೆ, ಇದರ ಅರ್ಥವೇನು? ಮೈಟ್ನರ್ ತಮ್ಮ ಅಕ್ಕನ ಮಗ ಆಟೋ ಫ್ರಿಶ್ ಅವರೊಡನೆ ಹಿಮದಲ್ಲಿ ನಡೆಯುತ್ತ, ಮರದ ದಿಮ್ಮಿಯೊಂದರ ಮೇಲೆ ಕುಳಿತು ಲೆಕ್ಕ ಹಾಕಿದರು. ಪರಮಾಣುವಿನ ಬೀಜವೇ ಎರಡಾಗಿ ಒಡೆದಿತ್ತು! ಯುರೇನಿಯಮ್ಮಿನ 92 ಪ್ರೋಟಾನುಗಳಲ್ಲಿ ಬೇರಿಯಮ್ಮಿನ 56ನ್ನು ಕಳೆದರೆ ಉಳಿಯುವುದು 36. ಅದು ಕ್ರಿಪ್ಟಾನ್ ಎಂಬ ಜಡಾನಿಲ. ಒಂದೊಂದು ಒಡೆತದಲ್ಲಿ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊರಬೀಳುವುದೆಂದೂ ಅವರು ಗುಣಿಸಿದರು.

ಹೀಗೆ ಹುಟ್ಟುವ ಕ್ರಿಪ್ಟಾನುಗಳಲ್ಲಿ ಕ್ರಿಪ್ಟಾನ್-92 ಒಂದು. ಸ್ಥಿರವಾದ ಕ್ರಿಪ್ಟಾನಿನಲ್ಲಿ ಹೆಚ್ಚೆಂದರೆ 50 ನ್ಯೂಟ್ರಾನುಗಳು, ಇದರಲ್ಲಿ 56. ಈ ಹೊರೆಯನ್ನು ಹೊತ್ತು ಅದು ಬಹುಕಾಲ ನಿಲ್ಲಲಾರದು. ಎರಡು ಸೆಕೆಂಡು ತುಂಬುವುದರೊಳಗೆ ಅರ್ಧ ಭಾಗ ಅಳಿದು ರುಬಿಡಿಯಮ್ ಆಗುತ್ತದೆ. ಅದು ಸ್ಟ್ರಾನ್ಷಿಯಮ್, ಯಿಟ್ರಿಯಮ್ ಆಗಿ ಕಡೆಗೆ ಜಿರ್ಕೋನಿಯಮ್ ಆಗಿ ನೆಲೆ ನಿಲ್ಲುತ್ತದೆ. ಈ ವಂಶಾವಳಿಯನ್ನು ಮೈಟ್ನರ್ ಮತ್ತು ಫ್ರಿಶ್ 1939ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಲೇಖನದಲ್ಲಿಯೇ ಊಹಿಸಿದ್ದರು.

1944ನೆಯ ಸಾಲಿನ ನೊಬೆಲ್ ಪಾರಿತೋಷಕ ಹಾನ್ ಒಬ್ಬರಿಗೇ ಸಂದಿತು. ಅಣುಬಾಂಬಿನ ಕೆಲಸಕ್ಕೆ ಕರೆ ಬಂದಾಗ ಮೈಟ್ನರ್ ಒಲ್ಲೆನೆಂದರು. 1968ರಲ್ಲಿ ಕೇಂಬ್ರಿಜ್ಜಿನಲ್ಲಿ ತೀರಿಕೊಂಡರು. 109ನೆಯ ಮೂಲವಸ್ತುವಿಗೆ ಆಕೆಯ ಹೆಸರು ಅಧಿಕೃತವಾಗಿ ಬಂದದ್ದು 1997ರಲ್ಲಿ.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ಮುಚ್ಚಿದ ಬಾಗಿಲಿನೆದುರು ನಿಂತು ಹಿಂದಿರುಗದೆ, ಬಡಗಿಯ ಕೊಠಡಿಯಾದರೂ ಸಾಕೆಂದು ಒಳಹೊಕ್ಕ ಆ ತಾಯಿಯ ಚರಿತ್ರೆ ನನ್ನಂಥವರಿಗೆ ದೊಡ್ಡ ಧೈರ್ಯ. ಆ ಅನಿಲದ ಬಾಳು ಕ್ಷಣಕಾಲದ್ದು. ಅದರ ಹುಟ್ಟಿನ ಗುಟ್ಟನ್ನು ತಿಳಿಸಿದವರ ಹೆಸರು ಉಳಿಯತಕ್ಕದ್ದು.